ಔಷಧವನ್ನು ಮೊದಲು ತಾನೇ ಚುಚ್ಚಿಕೊಂಡ ವಿಜ್ಞಾನಿ: ವಾಲ್ಡೆಮಾರ್ ಹಾಫ್ಕಿನ್



ಪಲ್ಸ್ ಪೋಲಿಯೊ ದಿನ ರೋಜಾದ ಓಣಿಗಳಲ್ಲಿ, ಕಮಲಾಪುರದ ಬಸ್ ನಿಲ್ದಾಣದಲ್ಲಿ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಲಸಿಕೆ ಪೆಟ್ಟಿಗೆ ಇಟ್ಟುಕೊಂಡು ಕುಳಿತಿರುವುದನ್ನು ನೋಡಿರುತ್ತೀರಿ. ನಿಮ್ಮ ತಮ್ಮ ತಂಗಿಯರ ಬಾಯಿಗೆ ಎರಡು ಹನಿ ಹಾಕಿ, ಕಿರುಬೆರಳಿಗೆ ಗುರುತು ಮಾಡಿ ಕಳಿಸುತ್ತಾರೆ. ಆ ಎರಡು ಹನಿ ರೋಗವನ್ನು ತಡೆಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಇದು ನಿಜವಾಗಿ ತಡೆಯುತ್ತದೆಯೇ ಎಂದು ಮೊಟ್ಟಮೊದಲು ತಿಳಿದುಕೊಂಡದ್ದು ಹೇಗೆ? ಈ ಪ್ರಶ್ನೆ ನಿಮಗೆ ಎಂದಾದರೂ ಬಂದಿದೆಯೇ?

ಔಷಧ ಕೊಟ್ಟೆವು, ರೋಗಿ ಗುಣವಾದ, ಆದ್ದರಿಂದ ಔಷಧ ಒಳ್ಳೆಯದು. ಹೀಗೆ ಹೇಳಿದರೆ ಸಾಕೇ? ಸಾಲದು. ನೆಗಡಿಯನ್ನೇ ನೋಡಿ. ಗುಳಿಗೆ ನುಂಗಿದರೂ ಒಂದು ವಾರದಲ್ಲಿ ಹೋಗುತ್ತದೆ, ನುಂಗದಿದ್ದರೂ ಸುಮಾರು ಅಷ್ಟೇ ದಿನದಲ್ಲಿ ಹೋಗುತ್ತದೆ. ಗುಳಿಗೆಯಿಂದಲೇ ಗುಣವಾಯಿತೆಂದು ಹೇಳಬೇಕಾದರೆ, ಅದನ್ನು ನುಂಗದೆ ಇದ್ದವರು ಏನಾದರು ಎಂಬುದೂ ಗೊತ್ತಿರಬೇಕು. ಹೊಸ ಔಷಧವನ್ನು ಹೀಗೆ ಹೋಲಿಸಿ ಪರೀಕ್ಷಿಸುವ ಕೆಲಸಕ್ಕೆ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಟ್ರಯಲ್ ಎನ್ನುತ್ತಾರೆ. ನಾವು ಚಿಕಿತ್ಸಾ ಪ್ರಯೋಗ ಎನ್ನೋಣ.

ನಮ್ಮ ದೇಶದಲ್ಲಿ ಇಂಥ ಪ್ರಯೋಗಗಳನ್ನು ಬಹಳ ಹಿಂದೆಯೇ ಮಾಡಿದವರಲ್ಲಿ ಒಬ್ಬರು ವಾಲ್ಡೆಮಾರ್ ಹಾಫ್ಕಿನ್. ಅವರು ನಮ್ಮ ದೇಶದವರಲ್ಲ, ವೈದ್ಯ ಪದವಿಯೂ ಅವರಿಗೆ ಇರಲಿಲ್ಲ. ಆದರೂ ಅವರ ಕೆಲಸದ ಒಂದು ದೊಡ್ಡ ಭಾಗ ನಡೆದದ್ದು ನಮ್ಮ ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ.

ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಆಗಿನ ರಷ್ಯಾ ಸಾಮ್ರಾಜ್ಯದಲ್ಲಿ, ಕಪ್ಪು ಸಮುದ್ರದ ಸೀಮೆಯ ಒಂದು ಯಹೂದಿ ಕುಟುಂಬದಲ್ಲಿ. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದರು. ಅಲ್ಲಿ ಅವರ ಗುರು ಇಲ್ಯಾ ಮೆಚ್ನಿಕೊಫ್. ನಮ್ಮ ರಕ್ತದ ಬಿಳಿಕಣಗಳು ರೋಗಾಣುಗಳನ್ನು ನುಂಗಿ ನಮ್ಮನ್ನು ಕಾಪಾಡುತ್ತವೆ ಎಂದು ತೋರಿಸಿ ಮುಂದೆ ನೊಬೆಲ್ ಪಡೆದವರು ಇವರೇ. ಆ ಕಾಲದಲ್ಲಿ ಅಲ್ಲಿ ಯಹೂದಿಗಳ ಮೇಲೆ ಗುಂಪು ದಾಳಿಗಳು ನಡೆಯುತ್ತಿದ್ದವು. ವಿದ್ಯಾರ್ಥಿಯಾಗಿದ್ದ ಹಾಫ್ಕಿನ್ ತಮ್ಮವರ ರಕ್ಷಣೆಗೆ ನಿಂತು ಗಾಯಗೊಂಡರು, ಸೆರೆಮನೆಯನ್ನೂ ಕಂಡರು. ಕೊನೆಗೆ ದೇಶ ಬಿಟ್ಟರು. 1889ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಅವರಿಗೆ ಸಿಕ್ಕಿದ್ದು ಗ್ರಂಥಾಲಯದ ಸಹಾಯಕನ ಕೆಲಸ! ಪುಸ್ತಕ ಜೋಡಿಸುವ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ಪ್ರಯೋಗಾಲಯದಲ್ಲಿ ಕುಳಿತು ಕಾಲರಾ ರೋಗಾಣುಗಳ ಅಧ್ಯಯನ ನಡೆಸಿದರು.

1892ರ ವೇಳೆಗೆ ಅವರ ಕಾಲರಾ ಲಸಿಕೆ ಸಿದ್ಧವಾಯಿತು. ಪ್ರಾಣಿಗಳ ಮೇಲೆ ಅದು ಯಶಸ್ವಿಯಾಗಿತ್ತು. ಇನ್ನು ಮನುಷ್ಯರಿಗೆ ಕೊಡಬೇಕು. ಯಾರಿಗೆ? ಜುಲೈ 18ರಂದು ಹಾಫ್ಕಿನ್ ತಮಗೇ ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು. ಲಸಿಕೆಯಿಂದ ಜೀವಕ್ಕೆ ಅಪಾಯ ಕಾಣಲಿಲ್ಲ ಎಂಬಷ್ಟು ಗೊತ್ತಾಯಿತು. ಆದರೆ ಅದು ಕಾಲರಾವನ್ನು ತಡೆಯುತ್ತದೆಯೇ? ಒಬ್ಬನ ಮೈಯಿಂದ ಅದನ್ನು ಹೇಳಲು ಬರುವುದಿಲ್ಲ. ಕಾಲರಾ ಇರುವ ಊರಿಗೇ ಹೋಗಬೇಕು. ಹಾಗೆ 1893ರಲ್ಲಿ ಅವರು ಭಾರತಕ್ಕೆ ಬಂದರು.

1894ರಲ್ಲಿ ಕಲ್ಕತ್ತಾದ ಒಂದು ಕೊಳೆಗೇರಿಯಲ್ಲಿ ಕಾಲರಾ ಕಾಣಿಸಿಕೊಂಡಿತು. ಅಲ್ಲಿ ಸುಮಾರು 200 ಜನ ಇದ್ದರು. ಎಲ್ಲರೂ ಒಂದೇ ಕೆರೆಯ ನೀರು ಬಳಸುವವರು. ಅವರಲ್ಲಿ 116 ಜನ ಲಸಿಕೆ ಹಾಕಿಸಿಕೊಂಡರು. ಆಮೇಲೆ ಅಲ್ಲಿ ಕಾಲರಾ ಬಂದದ್ದು ಲಸಿಕೆ ಹಾಕಿಸಿಕೊಳ್ಳದವರಿಗೆ ಮಾತ್ರ. ನೀರು ಒಂದೇ, ಓಣಿ ಒಂದೇ, ಲಸಿಕೆ ಮಾತ್ರ ಬೇರೆ. ಇಲ್ಲಿಯ ಹೋಲಿಕೆಗೆ ಬೆಲೆ ಬಂದದ್ದು ಇದರಿಂದಲೇ.

ಎರಡು ವರ್ಷಗಳ ನಂತರ, 1896ರ ಸೆಪ್ಟೆಂಬರಿನಲ್ಲಿ, ಮುಂಬಯಿಯಲ್ಲಿ ಪ್ಲೇಗ್ ಶುರುವಾಯಿತು. ಮೈ ಸುಡುವ ಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. ಜನ ಲಕ್ಷಗಟ್ಟಲೆ ಊರು ಬಿಟ್ಟು ಓಡಿದರು. ಸರ್ಕಾರ ಹಾಫ್ಕಿನ್ ಅವರನ್ನು ಮುಂಬಯಿಗೆ ಕರೆಸಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಕೊಟ್ಟದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ!

ಪ್ಲೇಗ್ ರೋಗಾಣುವನ್ನು ಬೆಳೆಸಲು ಮಾಂಸದ ಸಾರು ಬೇಕು. ಯಾವ ಮಾಂಸ? ದನದ್ದಾದರೆ ಹಿಂದೂಗಳು ಒಪ್ಪುವುದಿಲ್ಲ, ಹಂದಿಯದಾದರೆ ಮುಸ್ಲಿಮರು ಒಪ್ಪುವುದಿಲ್ಲ. ಹಾಫ್ಕಿನ್ ಆಡಿನ ಮಾಂಸದ ಸಾರು ಬಳಸಿದರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ಅಲುಗಾಡಿಸದೆ ಇಟ್ಟರೆ ರೋಗಾಣುಗಳು ಆ ತುಪ್ಪದ ಹನಿಗಳಿಗೆ ಅಂಟಿಕೊಂಡು ದಾರದಂತೆ ಕೆಳಕ್ಕೆ ಇಳಿಬೀಳುತ್ತಿದ್ದವು. ಹೀಗೆ ಬೆಳೆದ ರೋಗಾಣುಗಳನ್ನು ಬಿಸಿ ಮಾಡಿ ಕೊಂದರೆ ಅದೇ ಲಸಿಕೆ. ಸತ್ತ ರೋಗಾಣುಗಳು ರೋಗ ತರುವುದಿಲ್ಲ. ಆದರೆ ನಮ್ಮ ದೇಹ ಅವುಗಳ ಗುರುತು ಹಿಡಿದು, ಮುಂದೆ ಜೀವಂತ ರೋಗಾಣು ಬಂದಾಗ ಎದುರಿಸಲು ಸಿದ್ಧವಾಗುತ್ತದೆ. ಒಂದು ಅಡುಗೆಮನೆಯ ತುಪ್ಪ ವಿಜ್ಞಾನಕ್ಕೆ ಹೀಗೂ ಒದಗಿತು ನೋಡಿ.

1897ರ ಜನವರಿ 10ರಂದು ಹಾಫ್ಕಿನ್ ಮತ್ತೆ ತಮ್ಮ ಮೇಲೆಯೇ ಪರೀಕ್ಷೆ ಮಾಡಿಕೊಂಡರು. ಚುಚ್ಚಿಸಿಕೊಂಡದ್ದು 10 ಮಿಲಿಲೀಟರ್, ಆಮೇಲೆ ಬೇರೆಯವರಿಗೆ ಕೊಟ್ಟ ಪ್ರಮಾಣದ ಮೂರು ಪಟ್ಟಿಗೂ ಹೆಚ್ಚು. ಜ್ವರ, ನೋವು ಎರಡೂ ಬಂದವು. ಅವರು ಕೆಲಸ ಬಿಡಲಿಲ್ಲ.

ಅದೇ ತಿಂಗಳ ಕೊನೆಗೆ ಬೈಕುಲಾ ಸೆರೆಮನೆಯಲ್ಲಿ ಪ್ಲೇಗ್ ಕಾಣಿಸಿತು. ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನ ಲಸಿಕೆ ಹಾಕಿಸಿಕೊಳ್ಳಲು ಮುಂದೆ ಬಂದರು. ಅವರಲ್ಲಿ ಕೆಲವರ ಮೈಯಲ್ಲಿ ರೋಗ ಆಗಲೇ ಹೊಕ್ಕಿತ್ತು. ಅವರನ್ನು ಲಸಿಕೆ ಉಳಿಸಲಿಲ್ಲ. ಉಳಿದವರ ಲೆಕ್ಕ ಹೀಗಿದೆ: ಲಸಿಕೆ ಹಾಕಿಸಿಕೊಳ್ಳದವರಲ್ಲಿ 12 ಜನರಿಗೆ ಪ್ಲೇಗ್ ಬಂದು 6 ಜನ ತೀರಿಕೊಂಡರು. ಹಾಕಿಸಿಕೊಂಡವರಲ್ಲಿ ರೋಗ ಬಂದದ್ದು 2 ಜನರಿಗೆ, ಇಬ್ಬರೂ ಬದುಕಿದರು.

ಆದರೆ ಇಲ್ಲೊಂದು ಸಂದೇಹ ಏಳುತ್ತದೆ. ನಮ್ಮ ತೊಗರಿ ಹೊಲದ ಉದಾಹರಣೆಯಿಂದ ಅದನ್ನು ಬಿಡಿಸೋಣ. ಒಬ್ಬ ರೈತ ಹೊಸ ಗೊಬ್ಬರ ತಂದ. ಹೊಲದ ತಗ್ಗಿನ ಕಡೆ ಕಪ್ಪು ಎರೆಮಣ್ಣು, ದಿಬ್ಬದ ಕಡೆ ಗರಸು. ತಗ್ಗಿನ ಕಡೆ ಗೊಬ್ಬರ ಹಾಕಿದ, ದಿಬ್ಬದ ಕಡೆ ಹಾಕಲಿಲ್ಲ. ತಗ್ಗಿನಲ್ಲಿ ಬೆಳೆ ಚೆನ್ನಾಗಿ ಬಂತು. ಇದು ಗೊಬ್ಬರದ ಗುಣವೋ, ಮಣ್ಣಿನ ಗುಣವೋ? ಹೇಳಲು ಬಾರದು. ಅದೇ ರೈತ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಗೊಬ್ಬರ ಹಾಕಿದ್ದರೆ? ಆಗ ಎರೆಯಲ್ಲೂ ಎರಡು ಬಗೆ, ಗರಸಿನಲ್ಲೂ ಎರಡು ಬಗೆ. ಹೋಲಿಕೆ ಸರಿಯಾಗುತ್ತಿತ್ತು. ಸೆರೆಮನೆಯಲ್ಲಿ ತಾವಾಗಿ ಮುಂದೆ ಬಂದವರು ಮೊದಲೇ ಗಟ್ಟಿಮುಟ್ಟಾದವರು ಆಗಿದ್ದಿರಬಹುದಲ್ಲವೇ?

ಹಾಫ್ಕಿನ್ ಅವರಿಗೂ ಇದು ಗೊತ್ತಿತ್ತು. 1898ರ ಜನವರಿಯಲ್ಲಿ ಮುಂಬಯಿಯ ಉಮರ್ಖಾಡಿ ಸೆರೆಮನೆಯಲ್ಲಿ ಕೈದಿಗಳನ್ನು ಸಾಲಾಗಿ ಕೂರಿಸಿ, ಒಬ್ಬರನ್ನು ಬಿಟ್ಟು ಒಬ್ಬರಿಗೆ ಲಸಿಕೆ ಹಾಕಿದರು. ಮುಂದಿನ ತಿಂಗಳು ಬರೋಡದ ಹತ್ತಿರದ ಉಂಧೇರಾ ಎಂಬ ಹಳ್ಳಿಗೆ ಹೋದರು. ಅಲ್ಲಿ ಪ್ಲೇಗ್ ಆಗಲೇ ಕಾಲಿಟ್ಟಿತ್ತು. ಮನೆ ಮನೆಯವರನ್ನೂ ಒಟ್ಟಿಗೆ ನಿಲ್ಲಿಸಿ, ಪ್ರತಿ ಕುಟುಂಬದಲ್ಲೂ ಸುಮಾರು ಅರ್ಧ ಜನರಿಗೆ ಲಸಿಕೆ ಕೊಟ್ಟರು. ಒಂದೇ ಸೂರು, ಒಂದೇ ಊಟ, ಒಂದೇ ಮನೆಯ ಇಲಿಗಳು. ಲಸಿಕೆ ಪಡೆದ 513 ಜನರಲ್ಲಿ 8 ಜನರಿಗೆ ರೋಗ ಬಂತು, 3 ಜನ ಸತ್ತರು. ಪಡೆಯದ 437 ಜನರಲ್ಲಿ 27 ಜನರಿಗೆ ರೋಗ ಬಂತು, 26 ಜನ ಸತ್ತರು.

ಈ ಅಂಕಿಗಳನ್ನು ನೂರಕ್ಕೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಲಸಿಕೆ ಪಡೆಯದವರಲ್ಲಿ ನೂರಕ್ಕೆ ಸುಮಾರು 6 ಜನ ಸತ್ತಂತಾಯಿತು. ಪಡೆದವರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಲೆಕ್ಕ ಮುಗಿದ ಮೇಲೆ ಪೆನ್ಸಿಲ್ ಕೆಳಗಿಟ್ಟು ಒಂದು ಕ್ಷಣ ಯೋಚಿಸಿ. ಆ 26 ಜನರೂ ಯಾರದೋ ತಾಯಿ, ಯಾರದೋ ಮಗ. ಅದೇ ಮನೆಯ ಇನ್ನೊಬ್ಬರಿಗೆ ಸಿಕ್ಕ ಲಸಿಕೆ ಅವರಿಗೆ ಸಿಗಲಿಲ್ಲ. ಲಸಿಕೆ ಕೆಲಸ ಮಾಡುತ್ತದೆಂದು ಮೊದಲೇ ಖಚಿತವಾಗಿ ಗೊತ್ತಿದ್ದರೆ ಎಲ್ಲರಿಗೂ ಕೊಡಬಹುದಿತ್ತು. ಆದರೆ ಹೀಗೆ ಹೋಲಿಸದೆ ಖಚಿತವಾಗಿ ತಿಳಿಯುವ ದಾರಿ ಇರಲಿಲ್ಲ. ಇದು ಸುಲಭದ ಪ್ರಶ್ನೆಯಲ್ಲ. ಇಂದಿನ ಚಿಕಿತ್ಸಾ ಪ್ರಯೋಗಗಳಲ್ಲಿ ಇದಕ್ಕೆ ಒಂದು ಏರ್ಪಾಡು ಮಾಡಿದ್ದಾರೆ. ದೊಡ್ಡ ಪ್ರಯೋಗ ನಡೆಯುತ್ತಿರುವಾಗಲೇ ಬೇರೆ ತಜ್ಞರ ಒಂದು ಸಮಿತಿ ಅಂಕಿಗಳನ್ನು ಆಗಾಗ ತೆಗೆದು ನೋಡುತ್ತದೆ. ಔಷಧದಿಂದ ಸ್ಪಷ್ಟವಾಗಿ ಲಾಭವೆಂದು ಕಂಡರೆ ಪ್ರಯೋಗವನ್ನು ಬೇಗ ಮುಗಿಸಿ ಉಳಿದವರಿಗೂ ಕೊಡಬಹುದು. ಹಾನಿ ಕಂಡರೆ ಕೂಡಲೇ ನಿಲ್ಲಿಸುತ್ತಾರೆ.

ಈಗ ಹುಬ್ಬಳ್ಳಿಗೆ ಬರೋಣ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಪ್ಲೇಗಿಗೆ ಈ ಗಡಿಗಳು ಲೆಕ್ಕಕ್ಕಿರಲಿಲ್ಲ. ಅದು ಜನರ ಜೊತೆ, ಸಾಮಾನಿನ ಜೊತೆ, ಧಾನ್ಯದ ಚೀಲಗಳಲ್ಲಿ ಅಡಗಿದ ಇಲಿಗಳ ಜೊತೆ ಊರಿಂದೂರಿಗೆ ಸಾಗಿತು. ಇಲಿಯ ಮೈಮೇಲಿನ ಚಿಗಟಗಳೇ ರೋಗವನ್ನು ಮನುಷ್ಯರಿಗೆ ದಾಟಿಸುತ್ತವೆ ಎಂಬುದನ್ನು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು ಕಂಡುಕೊಂಡದ್ದು 1898ರಲ್ಲಿ. ಆಗ ಅದನ್ನು ನಂಬಿದವರು ಕಡಿಮೆ.

ಹುಬ್ಬಳ್ಳಿ ರೈಲ್ವೆ ಕಾರ್ಖಾನೆ, ಹತ್ತಿ ಗಿರಣಿಗಳ ಊರು. ಜನಸಂಖ್ಯೆ ಸುಮಾರು 50 ಸಾವಿರ. 1898ರ ಮೇ ತಿಂಗಳಿನಿಂದ ಡಾ. ಲಾಯ್ಮನ್ ಎಂಬ ಸೈನ್ಯದ ವೈದ್ಯರು ಅಲ್ಲಿ ಹಾಫ್ಕಿನ್ ಲಸಿಕೆ ಹಾಕತೊಡಗಿದರು. ರೈಲ್ವೆ ನೌಕರರು, ಗಿರಣಿ ಕಾರ್ಮಿಕರು, ಅವರ ಮನೆಯವರು, ಪೇಟೆಯ ಜನ, ಹೀಗೆ ಸೆಪ್ಟೆಂಬರ್ ಮುಗಿಯುವುದರೊಳಗೆ 35 ಸಾವಿರಕ್ಕೂ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡರು. ಬಹಳ ಜನ ಎರಡನೆಯ ಸಲವೂ ಹಾಕಿಸಿಕೊಂಡರು. ಗದಗ, ಧಾರವಾಡಗಳಲ್ಲೂ ಈ ಕೆಲಸ ನಡೆಯಿತು. ಅಲ್ಲಿ ದುಡಿದವರಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆಯೂ ಒಬ್ಬರು. ಪರಪುರುಷರ ಮುಂದೆ ತೋಳು ತೋರಿಸಲು ಹಿಂಜರಿಯುತ್ತಿದ್ದ ಹೆಣ್ಣುಮಕ್ಕಳಿಗೆ ಒಬ್ಬ ವೈದ್ಯೆ ಇದ್ದದ್ದು ಎಷ್ಟು ಅನುಕೂಲವಾಗಿರಬೇಕು ಎಂದು ನೀವೇ ಊಹಿಸಿಕೊಳ್ಳಿ.

ಆ ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಭೀಕರವಾಗಿತ್ತು. ಲಸಿಕೆ ಹಾಕಿಸಿಕೊಂಡವರಲ್ಲಿ ಸಾವು ತೀರ ಕಡಿಮೆ, ಹಾಕಿಸಿಕೊಳ್ಳದವರಲ್ಲಿ ತೀರ ಹೆಚ್ಚು ಎಂದು ವಾರವಾರದ ಲೆಕ್ಕ ಹೇಳಿತು. ಆದರೆ ಸರ್ಕಾರ ನೇಮಿಸಿದ ಪ್ಲೇಗ್ ಆಯೋಗ ಇಂಥ ಅಂಕಿಗಳನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಊರು ಬಿಟ್ಟು ಹೋದವರೆಷ್ಟು, ಬಂದವರೆಷ್ಟು? ಲಸಿಕೆ ಪಡೆಯದೆ ಉಳಿದವರು ಯಾರು, ಅವರು ಬಡವರೋ, ಮೊದಲೇ ಕಾಯಿಲೆಯವರೋ? ತೊಗರಿ ಹೊಲದ ತಗ್ಗು-ದಿಬ್ಬದ ಪ್ರಶ್ನೆಯೇ ಇದು. ಎಲ್ಲವನ್ನೂ ಅಳೆದು ತೂಗಿ ಆಯೋಗ ತನ್ನ ನಿರ್ಣಯ ಕೊಟ್ಟಿತು. ಲಸಿಕೆ ರೋಗವನ್ನೂ ಸಾವನ್ನೂ ನಿಜವಾಗಿ ಕಡಿಮೆ ಮಾಡುತ್ತದೆ, ಆದರೆ ಪೂರ್ಣ ರಕ್ಷಣೆ ಕೊಡುವುದಿಲ್ಲ. ನನಗೆ ಈ ನಿರ್ಣಯ ಬಹಳ ಇಷ್ಟ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ, ಇದ್ದದ್ದು ಇದ್ದಷ್ಟೇ.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಆ ದಿನಗಳಲ್ಲಿ ಪ್ಲೇಗ್ ಬಂದರೆ ಸರ್ಕಾರದವರು ಮನೆ ಹೊಕ್ಕು ತಪಾಸಣೆ ಮಾಡುತ್ತಿದ್ದರು. ಜನರನ್ನು ಊರ ಹೊರಗಿನ ಶಿಬಿರಗಳಿಗೆ ಕಳಿಸುತ್ತಿದ್ದರು. ಲಸಿಕೆ ಹಾಕಿಸಿಕೊಂಡು ಚೀಟಿ ಪಡೆದವರಿಗೆ ಈ ಕಾಟದಿಂದ ವಿನಾಯಿತಿ ಸಿಗುತ್ತಿತ್ತು. ಹಾಗಾದರೆ ಸಾಲಿನಲ್ಲಿ ನಿಂತ ಎಲ್ಲರೂ ಮನಃಪೂರ್ವಕವಾಗಿ ಒಪ್ಪಿ ನಿಂತವರೇ? ಸೆರೆಮನೆಯ ಕೈದಿ ಜೈಲರನ ಎದುರು ಬೇಡ ಎನ್ನಬಲ್ಲನೇ? ಹಾಫ್ಕಿನ್ ತಾವು ಮೊದಲು ಚುಚ್ಚಿಕೊಂಡ ಧೈರ್ಯಶಾಲಿ, ನಿಜ. ಆದರೆ ತಾವು ಒಪ್ಪಿದ್ದು ಬೇರೆಯವರೂ ಒಪ್ಪಿದಂತೆ ಆಗುವುದಿಲ್ಲ.

ಆದ್ದರಿಂದಲೇ ಇಂದು ನಿಯಮಗಳು ಬೇರೆ ಇವೆ. ನಿಮ್ಮ ಮನೆಯವರು ಯಾರಾದರೂ ದೊಡ್ಡ ಆಸ್ಪತ್ರೆಗೆ ಹೋದಾಗ, ಹೊಸ ಔಷಧದ ಪ್ರಯೋಗವೊಂದು ನಡೆಯುತ್ತಿದೆ, ಸೇರುತ್ತೀರಾ ಎಂದು ವೈದ್ಯರು ಕೇಳಬಹುದು. ಆಗ ಹೆದರಿ ಓಡಬೇಕಾಗಿಲ್ಲ, ಕೇಳದೆ ಹೆಬ್ಬೆಟ್ಟು ಒತ್ತಲೂಬಾರದು. ಅವರಿಗೆ ತಿಳಿಯುವ ಭಾಷೆಯಲ್ಲಿ ಒಂದು ಒಪ್ಪಿಗೆ ಪತ್ರ ಕೊಡಬೇಕು. ಯಾವ ಔಷಧ, ಏನು ಲಾಭ, ಏನು ಅಪಾಯ, ಎಷ್ಟು ದಿನ, ಬೇರೆ ಯಾವ ಚಿಕಿತ್ಸೆ ಇದೆ ಎಂದೆಲ್ಲ ಅದರಲ್ಲಿ ಬರೆದಿರಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು, ಆಗ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಅಲ್ಲಿರಬೇಕು. ಒಪ್ಪದಿದ್ದರೆ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡಕ್ಕೂ ಕಾನೂನಿದೆ. 7 ವರ್ಷ ದಾಟಿದ ಮಕ್ಕಳ ವಿಷಯದಲ್ಲಿ ತಂದೆ-ತಾಯಿ ಒಪ್ಪಿದರಷ್ಟೇ ಸಾಲದು, ಮಗುವನ್ನೂ ಕೇಳಬೇಕು. ಹೌದು, ನಿಮ್ಮನ್ನೂ ಕೇಳಬೇಕು!

ಪ್ರಯೋಗ ಶುರುವಾಗುವ ಮೊದಲೇ ಒಂದು ನೈತಿಕ ಸಮಿತಿ ಅದನ್ನು ನೋಡಿ ಒಪ್ಪಬೇಕು. ಅದರಲ್ಲಿ ವೈದ್ಯರ ಜೊತೆಗೆ ಕಾನೂನು ಬಲ್ಲವರು, ಸಾಮಾನ್ಯ ಜನರ ಪ್ರತಿನಿಧಿ ಕೂಡ ಇರುತ್ತಾರೆ. ನಮ್ಮ ದೇಶದಲ್ಲಿ 2009ರಿಂದ ಹೊಸ ಔಷಧದ ಪ್ರತಿ ಪ್ರಯೋಗವನ್ನೂ ಸರ್ಕಾರದ ಸಾರ್ವಜನಿಕ ದಾಖಲೆಯಲ್ಲಿ ಮೊದಲೇ ನೋಂದಾಯಿಸುವುದು ಕಡ್ಡಾಯ. ಪ್ರಯೋಗವೂ ಒಮ್ಮೆಗೇ ಸಾವಿರಾರು ಜನರ ಮೇಲೆ ನಡೆಯುವುದಿಲ್ಲ. ಮೊದಲು ಕೆಲವೇ ಜನರಲ್ಲಿ ಅಪಾಯವಿದೆಯೇ ಎಂದು ನೋಡುತ್ತಾರೆ, ಆಮೇಲೆ ಪ್ರಮಾಣ ಎಷ್ಟಿರಬೇಕೆಂದು, ಆಮೇಲೆ ಬಹಳ ಜನರಲ್ಲಿ ಹೋಲಿಕೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ಆರಿಸುತ್ತದೆ. ಎಷ್ಟೋ ಪ್ರಯೋಗಗಳಲ್ಲಿ ಯಾರಿಗೆ ನಿಜವಾದ ಔಷಧ ಹೋಯಿತು, ಯಾರಿಗೆ ಔಷಧವಿಲ್ಲದ ಗುಳಿಗೆ ಹೋಯಿತು ಎಂಬುದು ರೋಗಿಗೂ ಗೊತ್ತಿರುವುದಿಲ್ಲ, ಕೊಡುವ ವೈದ್ಯರಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಮನಸ್ಸು ವಾಲುತ್ತದೆ ನೋಡಿ. ಈ ಗುಟ್ಟೂ ಒಪ್ಪಿಗೆ ಪತ್ರದಲ್ಲಿ ಮೊದಲೇ ಬರೆದಿರುತ್ತದೆ.

2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲೇ. ನೀವು ಆಗ ತೀರ ಚಿಕ್ಕವರು, ಮನೆಯಲ್ಲಿ ಕೇಳಿ ನೋಡಿ. ಅದರ ಲಸಿಕೆಗಳೂ ಇದೇ ದಾರಿಯಲ್ಲಿ ಬಂದವು. ಕೋವ್ಯಾಕ್ಸಿನ್ ಲಸಿಕೆಯ ಮೊದಲ ಹಂತದ ಪ್ರಯೋಗ ನಡೆದ ಊರುಗಳಲ್ಲಿ ಬೆಳಗಾವಿಯೂ ಒಂದು. ಮೂರನೆಯ ಹಂತದಲ್ಲಿ ದೇಶದ 25,800 ಸ್ವಯಂಸೇವಕರು ಸೇರಿದ್ದರು. ಅರ್ಧ ಜನರಿಗೆ ಲಸಿಕೆ, ಅರ್ಧ ಜನರಿಗೆ ಲಸಿಕೆಯಿಲ್ಲದ ದ್ರವ.

ಹಾಫ್ಕಿನ್ ಅವರ ಮುಂದಿನ ದಿನಗಳು ಸುಖದ್ದಾಗಿರಲಿಲ್ಲ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಜನರಿಗೆ ಅವರ ಲಸಿಕೆ ಹಾಕಲಾಯಿತು. ಅವರಲ್ಲಿ 19 ಜನ ಕೆಲವು ದಿನಗಳಲ್ಲಿ ಧನುರ್ವಾಯುವಿನಿಂದ ಸತ್ತರು. ಆ 19 ಜನರಿಗೂ ಲಸಿಕೆ ಹೋದದ್ದು ಒಂದೇ ಬಾಟಲಿಯಿಂದ. ತಪ್ಪು ಮುಂಬಯಿಯ ಪ್ರಯೋಗಾಲಯದ್ದೇ ಎಂದು ಬೆರಳು ತೋರಿಸಿ ಹಾಫ್ಕಿನ್ ಅವರನ್ನು ಕೆಲಸದಿಂದ ದೂರವಿಟ್ಟರು.

ಪ್ರತಿ ಬಾಟಲಿಗೂ ಸಂಖ್ಯೆ ಇತ್ತು, ಯಾವುದನ್ನು ಯಾವಾಗ ತೆರೆದರು ಎಂಬ ಮಾಹಿತಿ ಇತ್ತು. ಅದರಿಂದಲೇ ಸತ್ಯ ಹೊರಬಂತು. ಬಾಟಲಿ ತೆರೆಯುವಾಗ ಒಬ್ಬ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧ ಮಾಡದೆ ಅದರಿಂದಲೇ ಬಿರಡೆ ಎಳೆದಿದ್ದ. ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲೇ. ಇದೆಲ್ಲ ತಿಳಿದಿದ್ದರೂ ಸರ್ಕಾರ ವರ್ಷಗಟ್ಟಲೆ ಸುಮ್ಮನಿತ್ತು. 1907ರಲ್ಲಿ ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮತ್ತು ಇತರ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ಆಮೇಲೆಯೇ ಹಾಫ್ಕಿನ್ ಅವರ ಮೇಲಿನ ಆರೋಪ ಹೋಯಿತು. ಐದು ವರ್ಷ ಕಳೆದಿದ್ದವು.

ಅವರು ಮತ್ತೆ ಭಾರತಕ್ಕೆ ಬಂದರು, ಆದರೆ ಮುಂಬಯಿಯ ತಮ್ಮ ಪ್ರಯೋಗಾಲಯ ಅವರಿಗೆ ಮರಳಿ ಸಿಗಲಿಲ್ಲ. ಕಲ್ಕತ್ತಾದಲ್ಲಿ ಕೆಲವು ವರ್ಷ ಇದ್ದು, ನಿವೃತ್ತರಾಗಿ ಯೂರೋಪಿಗೆ ಹಿಂದಿರುಗಿದರು. ಮದುವೆಯಾಗಿರಲಿಲ್ಲ. 1925ರಲ್ಲಿ ಮುಂಬಯಿಯ ಪರೇಲಿನ ಆ ಪ್ರಯೋಗಾಲಯಕ್ಕೆ ಹಾಫ್ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಆಗ ಅವರು ಬದುಕಿದ್ದರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ತೀರಿಕೊಂಡರು. ಪ್ಲೇಗಿಗೆ ಈಗ ಒಳ್ಳೆಯ ಪ್ರತಿಜೈವಿಕ ಔಷಧಗಳಿವೆ, ಹಾಫ್ಕಿನ್ ಲಸಿಕೆ ಬಳಕೆಯಲ್ಲಿಲ್ಲ.

ಪ್ಲೇಗ್ ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದ ಕಥೆ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅವರ ಅಜ್ಜ-ಅಜ್ಜಿಯರು ಹೇಳಿದ್ದು. ನಿಮ್ಮ ಓಣಿಯಲ್ಲಿ, ನಿಮ್ಮ ಊರಿನಲ್ಲಿ ಅಂಥ ಹಿರಿಯರು ಇದ್ದರೆ ಕೇಳಿ, ಯಾವ ಹೊಲ, ಎಷ್ಟು ದಿನ, ಯಾರು ಯಾರು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.